ಒಂಬತ್ತು ದಿನದ ಹೂವು

ಕಳೆದ ಯುಗಾದಿ ಊಟದ ದಿನ ನಡೆದದ್ದು. ಒಬ್ಬಟ್ಟಿನ ಸಾಲಿನಲ್ಲಿ ನಿಂತಿದ್ದೆ. ಸೊಂಟದ ಮೇಲೊಂದು ಮಗು, ಸೆರಗು ಹಿಡಿದು ಇನ್ನೊಂದು, ಒಂದೇ ತಟ್ಟೆಗೆ ಜಗಳವಾಡುತ್ತ ಮತ್ತೆರಡು. ಮಗನ ಮನೆಗೆಂದು ಮೈಸೂರಿನಿಂದ ಬಂದಿದ್ದ ಹಿರಿಯರೊಬ್ಬರು ಹಿಂದೆ ನಿಂತಿದ್ದರು. ಮೆಲ್ಲಗೆ ಬೆರಳು ಮಡಿಚಿ ಎಣಿಸಿ, “ಏನಮ್ಮಾ, ನಾಲ್ಕೂ ನಿನ್ನವೇನಾ?” ಎಂದರು. ಹೌದೆಂದೆ. “ಅಯ್ಯೋ ಶಿವನೇ! ಓದಿದವಳಂತೆ, ಡಾಕ್ಟರೇಟು ಬೇರೆ ಆಗಿದೆಯಂತೆ!” ಎಂದರು. ಆ ಮಾತಿನಲ್ಲಿ ಕುಹಕವಿರಲಿಲ್ಲ. ಮರುಕ್ಷಣವೇ ಸೊಂಟದ ಮಗುವನ್ನು ಕಿತ್ತುಕೊಂಡು, “ಕೂತು ಬಿಸಿಬಿಸಿ ತಿನ್ನು ಹೋಗು, ನಾನು ನೋಡ್ಕೋತೀನಿ” ಎಂದರು. ಎರಡು ವರ್ಷದಲ್ಲಿ ನಾನು ಎರಡೂ ಕೈಯಿಂದ ಮಾಡಿದ ಮೊದಲ ಊಟ ಅದು.

ಇದನ್ನು ಕೇಳಿಸಿಕೊಂಡ ನಮ್ಮ ಸಂಪಾದಕರು ಬಿಡಲಿಲ್ಲ. “ನಮ್ಮ ಸಂಘದಲ್ಲಿ ಕಥೋಲಿಕರ ಮನೆಗಳು ಕೈಬೆರಳಲ್ಲಿ ಎಣಿಸುವಷ್ಟು. ನಿಮ್ಮ ಮನೆ ಒಳಗೆ ಹೇಗಿರುತ್ತದೆ ಎಂದು ನಮಗೆ ಗೊತ್ತಿಲ್ಲ. ಬರೆದುಕೊಡಿ” ಎಂದರು. ಒಳಗೆ ಹೇಗಿರುತ್ತದೆ ಎಂಬುದಕ್ಕೆ ಒಂದೇ ಮಾತಿನ ಉತ್ತರವಿದೆ: ಗಲಾಟೆಯಾಗಿರುತ್ತದೆ. ಆದರೆ ಸಂಪಾದಕರಿಗೆ ನಾಲ್ಕು ಪುಟ ಬೇಕಂತೆ.

ಮೊದಲು ನಮ್ಮ ಕುಲಗೋತ್ರ ಹೇಳಿಬಿಡುತ್ತೇನೆ. ನಾನು ಬಂಟ್ವಾಳದ ಕಡೆಯವಳು. ತಾಯಿಯ ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ತುಳು. ನಮ್ಮವರು ಹಾಸನ ಜಿಲ್ಲೆಯವರು, ಅವರದು ಮನೆಯೊಳಗೂ ಹೊರಗೂ ಕನ್ನಡವೇ. ಅವರ ಅಜ್ಜಿಯ ಊರು ಶೆಟ್ಟಿಹಳ್ಳಿ. ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಮೇಲೇಳುವ, ಸೂರಿಲ್ಲದ ಚರ್ಚಿನ ಚಿತ್ರವನ್ನು ನೀವು ಕ್ಯಾಲೆಂಡರುಗಳಲ್ಲಿ ನೋಡಿರುತ್ತೀರಿ, ಅದೇ ಊರು. 1860ರ ಸುಮಾರಿಗೆ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ ಚರ್ಚು. ಅಣೆಕಟ್ಟು 1979ರಲ್ಲಿ ಮುಗಿಯಿತು, ಊರಿನವರು ಎತ್ತರದ ಜಾಗಗಳಿಗೆ ಹೋದರು. ಹಿಂದಿನ ಸಲ ರಜೆಗೆ ಹೋದಾಗ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆವು. ನಮ್ಮ ಎರಡನೆಯವನು ಬಹಳ ಹೊತ್ತು ನೋಡಿ, “ಎಲ್ಲಾ ತಗೊಂಡು ಹೋದ್ರು, ಚರ್ಚು ತಗೊಂಡು ಹೋಗೋದು ಮರೆತುಬಿಟ್ರಾ?” ಎಂದು ಕೇಳಿದ. ಅಜ್ಜಿ ತಂದದ್ದು ಒಂದು ಮರದ ಮಣಿಯ ಜಪಸರ. ಈಗ ಅದು ಸೌತ್‌ಲೇಕಿನ ನಮ್ಮ ಮನೆಯಲ್ಲಿದೆ. ಒಂದು ಮಣಿಯ ಮೇಲೆ ನಮ್ಮ ಮೂರನೆಯವಳ ಹಲ್ಲಿನ ಗುರುತಿದೆ.

ಮಕ್ಕಳನ್ನು ದೊಡ್ಡವಳು, ಎರಡನೆಯವನು, ಮೂರನೆಯವಳು, ಪುಟ್ಟ ಎಂದೇ ಕರೆಯುತ್ತೇನೆ. ವಯಸ್ಸು ಹತ್ತು, ಎಂಟು, ಐದು, ಎರಡು. ನಾನು ಸಂಶೋಧನಾ ರಸಾಯನಶಾಸ್ತ್ರಜ್ಞೆ, ವಾರಕ್ಕೆ ನಾಲ್ಕು ದಿನ ಪ್ರಯೋಗಶಾಲೆ. ಮೂರನೆಯವಳು ಹುಟ್ಟಿದ ಮೇಲೆ ಐದು ದಿನವನ್ನು ನಾಲ್ಕಕ್ಕೆ ಇಳಿಸಿಕೊಂಡೆ, ಸಂಬಳವೂ ಇಳಿಯಿತು. ಆಗ ಒಬ್ಬರು, “ನಿಮ್ಮ ಧರ್ಮದಲ್ಲಿ ಹೀಗೇ ಅಲ್ಲವೇ?” ಎಂದು ನಗುತ್ತ ಕೇಳಿದ್ದರು. ಅದಕ್ಕೆ ತಕ್ಕ ಉತ್ತರ ಆ ಹೊತ್ತಿಗೆ ಹೊಳೆಯಲಿಲ್ಲ, ಮೂರು ದಿನ ಬಿಟ್ಟು ಪಾತ್ರೆ ತೊಳೆಯುವಾಗ ಹೊಳೆಯಿತು.

ಧರ್ಮದ ಮಾತು ಬಂದದ್ದರಿಂದ ಅದನ್ನೂ ಹೇಳಿಬಿಡುವೆ. ಎಲ್ಲರ ಮನಸ್ಸಿನಲ್ಲಿ ಇರುವ ಪ್ರಶ್ನೆ ಅದೇ ಎಂದು ನನಗೆ ಗೊತ್ತು. ಗರ್ಭನಿರೋಧಕ ಮಾತ್ರೆ ಹುಟ್ಟಿದ್ದು ನಮ್ಮ ಕಸುಬಿನವರ ಕೈಯಲ್ಲಿ. 1940ರ ದಶಕದಲ್ಲಿ ರಸೆಲ್ ಮಾರ್ಕರ್ ಎಂಬ ಅಮೆರಿಕದ ರಸಾಯನಶಾಸ್ತ್ರಜ್ಞ ಮೆಕ್ಸಿಕೋದ ಕಾಡುಗೆಣಸಿನಿಂದ ಹಾರ್ಮೋನು ತಯಾರಿಸುವ ದಾರಿ ಕಂಡುಹಿಡಿದ. 1951ರಲ್ಲಿ ಮೆಕ್ಸಿಕೋ ನಗರದ ಸಿಂಟೆಕ್ಸ್ ಪ್ರಯೋಗಶಾಲೆಯಲ್ಲಿ ಕಾರ್ಲ್ ಜೆರಾಸ್ಸಿಯ ತಂಡದಲ್ಲಿದ್ದ ಮಿರಾಮೊಂಟೆಸ್ ಎಂಬ ತರುಣ ನೊರೆಥಿನ್‌ಡ್ರೋನ್ ಎಂಬ ಅಣುವನ್ನು ಜೋಡಿಸಿದ. ನಾನು ವಿದ್ಯಾರ್ಥಿಯಾಗಿದ್ದಾಗ ಆ ಸಂಯೋಜನೆಯ ಮೆಟ್ಟಿಲುಗಳನ್ನು ಕಪ್ಪುಹಲಗೆಯ ಮೇಲೆ ಬರೆದು ವಿವರಿಸಿದ್ದೇನೆ, ಬಹಳ ಚೆಂದದ ರಸಾಯನಶಾಸ್ತ್ರ. ಅಮೆರಿಕದಲ್ಲಿ ಮೊದಲ ಮಾತ್ರೆಗೆ 1960ರಲ್ಲಿ ಅನುಮತಿ ಸಿಕ್ಕಿತು. ಅದನ್ನು ಹೆಂಗಸರ ಮೇಲೆ ಪರೀಕ್ಷಿಸಿ ಅದರ ಪರವಾಗಿ ವಾದಿಸಿದ ಬಾಸ್ಟನ್ನಿನ ವೈದ್ಯ ಜಾನ್ ರಾಕ್ ದಿನಾ ಬಲಿಪೂಜೆಗೆ ಹೋಗುತ್ತಿದ್ದ ಕಥೋಲಿಕ. ತನ್ನ ಧರ್ಮಸಭೆ ಇದನ್ನು ಒಪ್ಪುತ್ತದೆ ಎಂದೇ ಅವನು ನಂಬಿದ್ದ. 1968ರ ಜುಲೈನಲ್ಲಿ ಪೋಪ್ ಆರನೆಯ ಪೌಲರು ಒಪ್ಪುವುದಿಲ್ಲವೆಂದು ವಿಶ್ವಪತ್ರ ಹೊರಡಿಸಿದರು. ಅಂದಿನಿಂದ ಲಕ್ಷಾಂತರ ಕಥೋಲಿಕ ಮನೆಗಳಲ್ಲಿ ಈ ಪ್ರಶ್ನೆ ದೀಪ ಆರಿಸಿದ ಮೇಲೆ ಮಾತನಾಡುವ ಪ್ರಶ್ನೆಯಾಯಿತು. ನಮ್ಮ ಮನೆಯಲ್ಲೂ ಮಾತನಾಡಿದ್ದೇವೆ. ಏನು ಮಾತನಾಡಿದೆವು ಎಂಬುದು ಸಂಘದ ಪತ್ರಿಕೆಗೆ ಬೇಡ. ಇಷ್ಟು ಸಾಕು: ನನ್ನ ಅಜ್ಜಿ ಹತ್ತು ಹೆತ್ತು ಏಳನ್ನು ಉಳಿಸಿಕೊಂಡರು, ಅವರನ್ನು ಯಾರೂ ಏನೂ ಕೇಳಿರಲಿಲ್ಲ. ನನ್ನನ್ನು ಕೇಳಲಾಗಿತ್ತು. ನಾಲ್ಕನೆಯದು ಬೇಕೆಂದು ಮೊದಲು ಹೇಳಿದವಳು ನಾನೇ.

ಭಾನುವಾರ ನಾವು ಹೋಗುವುದು ಪಕ್ಕದ ಕೆಲ್ಲರ್ ಊರಿನಲ್ಲಿರುವ ಸಂತ ಎಲಿಜಬೆತ್ ಆ್ಯನ್ ಸೀಟನ್ ಚರ್ಚಿಗೆ. ಒಂದು ಗಂಟೆಯ ಬಲಿಪೂಜೆಗೆ ಎರಡು ಗಂಟೆಯ ತಯಾರಿ. ಒಂದು ಶೂ ಸಿಗುವುದಿಲ್ಲ. ಸಿಕ್ಕರೆ ಪುಟ್ಟ ಇನ್ನೊಂದನ್ನು ತೆಗೆದೆಸೆದಿರುತ್ತಾನೆ. ಪ್ರಬೋಧನೆ ಶುರುವಾಗುವ ಹೊತ್ತಿಗೆ ನಾನೋ ನಮ್ಮವರೋ ಹೊರಗಿನ ಪಡಸಾಲೆಯಲ್ಲಿ ಮಗು ಎತ್ತಿಕೊಂಡು ಶತಪಥ ಹಾಕುತ್ತಿರುತ್ತೇವೆ. ಕಳೆದ ಆರು ವರ್ಷಗಳಲ್ಲಿ ನಾನು ಒಂದು ಪ್ರಬೋಧನೆಯನ್ನೂ ಮೊದಲಿಂದ ಕೊನೆಯವರೆಗೆ ಕೇಳಿಲ್ಲ. ಮೊದಮೊದಲು ಇದಕ್ಕೆ ಬಹಳ ನೊಂದುಕೊಳ್ಳುತ್ತಿದ್ದೆ.

ಆ ಪಡಸಾಲೆಯಲ್ಲಿ ಅಡ್ಡಾಡುವಾಗಲೇ ಈ ಸಂತಳ ಕಥೆ ಓದಬೇಕೆನಿಸಿದ್ದು. ನಮ್ಮಲ್ಲಿ ಸಂತರೆಂದರೆ ಮಠದಲ್ಲಿದ್ದವರು, ಕಾಡಿಗೆ ಹೋದವರು, ಹುತಾತ್ಮರಾದವರು. ಈಕೆ ಐದು ಮಕ್ಕಳ ತಾಯಿ. 1774ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದವಳು. ಗಂಡ ವ್ಯಾಪಾರಿ, ದಿವಾಳಿಯಾದ, ಕ್ಷಯ ಬಂತು. ಹವೆ ಬದಲಾದರೆ ಗುಣವಾದೀತೆಂದು 1803ರಲ್ಲಿ ಹಿರಿಮಗಳೊಬ್ಬಳನ್ನೇ ಜೊತೆಗೆ ಕರೆದುಕೊಂಡು ಹಡಗಿನಲ್ಲಿ ಇಟಲಿಗೆ ಹೋದರು. ಸೋಂಕಿನ ಭಯದಿಂದ ಲಿವೋರ್ನೋ ಬಂದರಿನವರು ಅವರನ್ನು ಊರೊಳಗೆ ಬಿಡದೆ, ಸಮುದ್ರದ ಗಾಳಿ ನುಗ್ಗುವ ಕಲ್ಲಿನ ಕಟ್ಟಡದಲ್ಲಿ ವಾರಗಟ್ಟಲೆ ಕೂಡಿಹಾಕಿದರು. ಅಲ್ಲಿಂದ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ಗಂಡ ತೀರಿಹೋದ. ಇಪ್ಪತ್ತೊಂಬತ್ತರ ವಿಧವೆ ಹಿಂತಿರುಗಿ, 1805ರಲ್ಲಿ ಕಥೋಲಿಕಳಾಗಿ, ಅದರಿಂದ ನೆಂಟರ ಸಿಟ್ಟಿಗೂ ಗುರಿಯಾಗಿ, ಶಾಲೆ ನಡೆಸಿ ಮಕ್ಕಳನ್ನು ಸಾಕಿದಳು. 1809ರಲ್ಲಿ ಮೇರಿಲ್ಯಾಂಡಿನ ಎಮ್ಮಿಟ್ಸ್‌ಬರ್ಗಿನಲ್ಲಿ ಕನ್ಯಾಸ್ತ್ರೀಯರ ಸಂಸ್ಥೆ ಕಟ್ಟಿದಳು, ಮಕ್ಕಳನ್ನು ಜೊತೆಗಿಟ್ಟುಕೊಂಡೇ. ಇಬ್ಬರು ಹೆಣ್ಣುಮಕ್ಕಳನ್ನು ತನ್ನ ಕಣ್ಣೆದುರಿಗೇ ಮಣ್ಣುಮಾಡಿದಳು. 1975ರಲ್ಲಿ ಸಂತಪದವಿ ಸಿಕ್ಕಿತು. ಈ ದೇಶದಲ್ಲಿ ಹುಟ್ಟಿದವರಲ್ಲಿ ಅವಳೇ ಮೊದಲಿಗಳು. ಅವಳ ಪವಾಡಗಳಿಗಿಂತ ನನ್ನ ಮನಸ್ಸು ಹೋಗುವುದು ಆ ಕಲ್ಲಿನ ಕಟ್ಟಡಕ್ಕೆ. ಕೆಮ್ಮುವ ಗಂಡ, ಎಂಟು ವರ್ಷದ ಮಗಳು. ಚಳಿಗೆ ಏನು ಮಾಡಿದಳೋ?

ಚಳಿಯೆಂದಾಗ ಇಲ್ಲಿನವರಿಗೆಲ್ಲ ನೆನಪಾಗುವುದು 2021ರ ಫೆಬ್ರವರಿ. ಡಲ್ಲಾಸ್, ಆಸ್ಟಿನ್, ಹ್ಯೂಸ್ಟನ್ ಎನ್ನದೆ ಟೆಕ್ಸಾಸಿಗೆ ಟೆಕ್ಸಾಸೇ ಕತ್ತಲಾಗಿತ್ತು. ಫೆಬ್ರವರಿ 16ರ ಬೆಳಿಗ್ಗೆ ನಮ್ಮ ವಿಮಾನ ನಿಲ್ದಾಣದಲ್ಲಿ ಸೊನ್ನೆಗಿಂತ 2 ಡಿಗ್ರಿ ಫ್ಯಾರನ್‌ಹೀಟ್ ಕೆಳಗೆ, ಸೆಲ್ಸಿಯಸ್ಸಿನಲ್ಲಿ ಮೈನಸ್ 19. ಆಗ ನಮಗೆ ಮೂವರೇ, ಮೂರನೆಯವಳು ಮೂರು ತಿಂಗಳ ಕೂಸು. ಕರೆಂಟು ಹೋಗಿ ಹತ್ತು ಗಂಟೆಯಾದ ಮೇಲೆ ನಮ್ಮವರು ಹಿತ್ತಲಿನ ಇದ್ದಿಲ ಒಲೆಯನ್ನು ಒಳಗೆ ತರಲು ಹೊರಟರು. ನಾನು ಬಾಗಿಲಿಗೆ ಅಡ್ಡ ನಿಂತೆ. ಅರೆಬರೆ ಉರಿಯುವ ಇದ್ದಿಲಿನಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚಾಗಿ ಅದಕ್ಕೆ ಅಂಟಿಕೊಳ್ಳುತ್ತದೆ. ಆ ವಾರ ಟೆಕ್ಸಾಸಿನಲ್ಲಿ ಹಾಗೆ ಸತ್ತವರಿದ್ದಾರೆ. ಐವರೂ ಒಂದೇ ಕೋಣೆಯಲ್ಲಿ ರಜಾಯಿ, ರತ್ನಗಂಬಳಿ, ಮದುವೆಯ ರೇಷ್ಮೆ ಸೀರೆ ಎಲ್ಲವನ್ನೂ ಹೊದ್ದು ಮಲಗಿದೆವು. ಕೂಸಿನ ಉಸಿರು ಮುಟ್ಟಿ ಮುಟ್ಟಿ ನೋಡುತ್ತಿದ್ದೆ. ಪ್ರಾರ್ಥನೆ ಮಾಡಬೇಕೆಂದರೆ ಒಂದು ಸಾಲೂ ನಾಲಿಗೆಗೆ ಬರಲಿಲ್ಲ. ಬಾಯಿಪಾಠದ ಜಪವೂ ಅರ್ಧಕ್ಕೇ ನಿಂತಿತು. ಆಗ ಐದು ವರ್ಷದ ದೊಡ್ಡವಳು ಕತ್ತಲಲ್ಲೇ “ನಮಾನ್ ಮೊರಿಯೆ” ಶುರುಮಾಡಿದಳು. ಅದು ಬಂಟ್ವಾಳದ ನನ್ನ ಅಮ್ಮ ಹೇಳುವ ರಾಗ, ಅಮ್ಮ ಉಸಿರೆಳೆದುಕೊಳ್ಳುವ ಜಾಗದಲ್ಲೇ ಇವಳೂ ಉಸಿರೆಳೆದುಕೊಂಡಳು. ನಾನು ಕಲಿಸಿದ್ದಲ್ಲ. ಕಲಿಸಲು ನನಗೆ ಪುರುಸೊತ್ತು ಎಲ್ಲಿತ್ತು?

ಅಮ್ಮನಿಂದ ಅವಳು ಕಲಿತದ್ದು ಫೋನಿನಲ್ಲಿ. ನಮ್ಮ ಕಡೆ ಸಂಜೆ ಜಪಸರಕ್ಕೆ ತೇರ್ಸ್ ಎನ್ನುತ್ತೇವೆ. ಐವತ್ತಮೂರು ಸಲ ಮರಿಯಮ್ಮನ ಜಪ. ಅದು ಮುಗಿದ ಮೇಲೆ ಮಕ್ಕಳು ಮನೆಯ ಹಿರಿಯರ ಮುಂದೆ ಒಬ್ಬೊಬ್ಬರಾಗಿ ಕೈಮುಗಿದು ನಿಂತು “ಬೆಸಾಂವ್” ಕೇಳಬೇಕು, ಎಂದರೆ ಆಶೀರ್ವಾದ. ನಾವು ಏಳು ಜನ ಮಕ್ಕಳು ಅಜ್ಜಿಯ ಮುಂದೆ ಸಾಲುಗಟ್ಟುತ್ತಿದ್ದೆವು, ಹಿಂದಿನವನು ಮುಂದಿನವಳ ಜಡೆ ಎಳೆಯುತ್ತಿದ್ದ. ಬೇಸಿಗೆಯಲ್ಲಿ ಇಲ್ಲಿ ಸಂಜೆ ಏಳಾದಾಗ ಬಂಟ್ವಾಳದಲ್ಲಿ ಬೆಳಗಿನ ಐದೂವರೆ. ಅಮ್ಮ ಎದ್ದು ಮುಖ ತೊಳೆದು ಫೋನು ಹಿಡಿದು ಕೂತಿರುತ್ತಾರೆ. ನಮ್ಮ ತೇರ್ಸ್ ಐವತ್ತಮೂರಕ್ಕೆ ಎಂದೂ ತಲುಪುವುದಿಲ್ಲ. ಹತ್ತಕ್ಕೆ ಪುಟ್ಟ ಮಣಿ ಕಿತ್ತುಕೊಳ್ಳುತ್ತಾನೆ, ಹದಿನೈದಕ್ಕೆ ಯಾರಿಗೋ ಬಾತ್‌ರೂಮು. ಮಧ್ಯೆ ನಮ್ಮವರು ಕನ್ನಡದಲ್ಲಿ ಹೇಳುತ್ತಾರೆ, ಅಮ್ಮ ಕೊಂಕಣಿಯಲ್ಲಿ, ಎರಡನೆಯವನು ಇಂಗ್ಲಿಷಿನಲ್ಲಿ. ಮರಿಯಮ್ಮನಿಗೆ ಅರ್ಥವಾಗುತ್ತದೆಂದು ಭಾವಿಸಿದ್ದೇನೆ.

ಈಗೀಗ ದೊಡ್ಡವಳು ಕೈಮುಗಿಯಲು ಒಲ್ಲೆನ್ನುತ್ತಾಳೆ. ಒಂದು ಸಂಜೆ ಗೆಳತಿಯೊಬ್ಬಳು ಮನೆಗೆ ಬಂದಿದ್ದಳು. ಫೋನಿನಲ್ಲಿ ಅಜ್ಜಿ ಕಾಯುತ್ತಿದ್ದರು. ಇವಳು ಬರಲಿಲ್ಲ. ಆಮೇಲೆ, “ಅಮ್ಮ, ಅವಳ ಮುಂದೆ ನಾಚಿಕೆಯಾಗುತ್ತೆ” ಎಂದಳು. ನಾನು ಕೂಗಾಡಿದೆ. ಅಜ್ಜಿ ಇನ್ನೆಷ್ಟು ವರ್ಷ ಇರುತ್ತಾರೆ ಎಂದುಬಿಟ್ಟೆ. ಹತ್ತು ವರ್ಷದ ಹುಡುಗಿಗೆ ಹೇಳುವ ಮಾತಲ್ಲ ಅದು. ಮುಂದಿನ ಪಾಪನಿವೇದನೆಯಲ್ಲಿ ಅದನ್ನೇ ಹೇಳಿಕೊಂಡೆ: ಮಕ್ಕಳ ಮೇಲೆ ರೇಗುತ್ತೇನೆ, ದಿನಾ ರೇಗುತ್ತೇನೆ, ನನ್ನ ಪ್ರಾರ್ಥನೆ ಬತ್ತಿಹೋಗಿದೆ. ಗುರುಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ರಾತ್ರಿ ಎಷ್ಟು ಗಂಟೆ ನಿದ್ದೆ ಮಾಡುತ್ತೀರಿ?” ಎಂದು ಕೇಳಿದರು. ಐದು ಎಂದೆ. ಪ್ರಾಯಶ್ಚಿತ್ತವಾಗಿ ಅಂದು ರಾತ್ರಿ ಒಂಬತ್ತಕ್ಕೆ ಮಲಗಲು ಹೇಳಿದರು. ಜೀವಮಾನದಲ್ಲಿ ಇಷ್ಟು ಕಷ್ಟದ ಪ್ರಾಯಶ್ಚಿತ್ತ ನನಗೆ ಸಿಕ್ಕಿರಲಿಲ್ಲ.

ಇನ್ನು ಹೂವಿನ ವಿಷಯ. ಸೆಪ್ಟೆಂಬರ್ 8 ಮರಿಯಮ್ಮನ ಜನ್ಮದಿನ. ಮಂಗಳೂರು ಕಡೆ ಅದು ಮೊಂತಿ ಹಬ್ಬ, ತೆನೆಹಬ್ಬವೂ ಹೌದು. ನಮ್ಮೂರಿನಿಂದ ಮಂಗಳೂರಿಗೆ ಹೋಗುವ ದಾರಿಯಲ್ಲಿ, ನೇತ್ರಾವತಿಯ ದಡದ ಫರಂಗಿಪೇಟೆಯಲ್ಲಿ ಮೊಂತೆ ಮರಿಯಾನೊ ಎಂಬ ಹಳೆಯ ಇಗರ್ಜಿಯಿದೆ. ಅಲ್ಲಿ 1763ರಲ್ಲಿ ಗೋವೆಯ ಪಾದ್ರಿ ಜೋಕಿಂ ಮಿರಾಂದ ಈ ಹಬ್ಬ ಆರಂಭಿಸಿದರೆಂದು ಹೇಳುತ್ತಾರೆ, ಆ ಇಗರ್ಜಿಯಿಂದಲೇ ಮೊಂತಿ ಎಂಬ ಹೆಸರು. ಆಗಸ್ಟ್ 30ರಿಂದ ಒಂಬತ್ತು ದಿನ ನೊವೇನಾ. ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಸಾಲಾಗಿ ಹೋಗಿ ಬಾಲಮರಿಯಳ ಮೂರ್ತಿಗೆ ಎರಚಬೇಕು. ಕರಾವಳಿಯಲ್ಲಿ ಆ ಹೊತ್ತಿಗೆ ಮಳೆ ಇಳಿಮುಖ. ಗೋರಂಟಿ, ದಾಸವಾಳ, ಡೇಲಿಯಾ, ಬೇಲಿಯ ಮೇಲಿನ ಹೆಸರಿಲ್ಲದ ಹೂಗಳು, ಏನು ಬೇಕಾದರೂ ಸಿಗುತ್ತವೆ. ಪಕ್ಕದ ಮನೆಯ ಭಟ್ಟರ ಹಿತ್ತಿಲಿನಿಂದ ಕದ್ದ ದಾಸವಾಳವೇ ನಮಗೆ ಹೆಚ್ಚು ಇಷ್ಟ. ಭಟ್ಟರಿಗೂ ಅದು ಗೊತ್ತಿತ್ತು; ಆ ಒಂಬತ್ತು ದಿನ ಅವರು ಬೆಳಿಗ್ಗೆ ಬೇಗ ಎದ್ದು ದೇವರಪೂಜೆಗೆ ಬೇಕಾದಷ್ಟನ್ನು ಮೊದಲೇ ಕಿತ್ತುಕೊಳ್ಳುತ್ತಿದ್ದರು. ಕೊನೆಯ ದಿನ ಭತ್ತದ ತೆನೆಯ ಆಶೀರ್ವಾದ, ಮನೆಗೊಂದು ತೆನೆ, ಮಕ್ಕಳಿಗೆ ಕಬ್ಬು. ಮನೆಯಲ್ಲಿ ಆ ಹೊಸ ಭತ್ತದ ಕೆಲವು ಕಾಳು ಸುಲಿದು ಹಾಲಿನಲ್ಲೋ ಪಾಯಸದಲ್ಲೋ ಹಾಕಿ ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಬಾಳೆಲೆಯ ಮೇಲೆ ಊಟ, ಮೀನು ಮಾಂಸ ಇಲ್ಲ, ಪಲ್ಯ ಪದಾರ್ಥಗಳು ಬೆಸಸಂಖ್ಯೆಯಲ್ಲೇ ಇರಬೇಕು: ಐದು, ಏಳು, ಒಂಬತ್ತು. ನಿಮ್ಮ ಹಬ್ಬಗಳಿಗೂ ಇದಕ್ಕೂ ದೂರದ ನೆಂಟಸ್ತನವಲ್ಲ, ಹತ್ತಿರದ್ದೇ.

ಟೆಕ್ಸಾಸಿನ ಆಗಸ್ಟಿನಲ್ಲಿ ಹೂ ಹುಡುಕುವುದೆಂದರೆ ಒಂದು ವ್ರತ. ನೂರು ಡಿಗ್ರಿಯ ಬಿಸಿಲಿಗೆ ಹುಲ್ಲೇ ಒಣಗಿರುತ್ತದೆ. ನಮ್ಮನ್ನು ಕಾಪಾಡುವುದು ಕ್ರೇಪ್ ಮಿರ್ಟಲ್, ಇಲ್ಲಿ ಬೀದಿಬೀದಿಗೂ ಇರುವ ಗುಲಾಬಿ ಬಣ್ಣದ ಸುಕ್ಕುಸುಕ್ಕು ಹೂವಿನ ಮರ. ಅದು ನಮ್ಮ ಹೊಳೆದಾಸವಾಳದ ತಂಗಿ, ಎರಡೂ ಲಾಗರ್ಸ್ಟ್ರೋಮಿಯ ಎಂಬ ಒಂದೇ ಕುಲದವು. ಏಷ್ಯಾದಿಂದ ಬಂದು ಇಲ್ಲಿ ಬೇರುಬಿಟ್ಟದ್ದು. ನಾವು ಊಟದ ಮೇಜಿನ ಮೂಲೆಯಲ್ಲಿ ಚಿಕ್ಕ ಮೂರ್ತಿ ಇಟ್ಟು ಸಂಜೆಗೆ ಹೂ ಎರಚುತ್ತೇವೆ.

ಕಳೆದ ವರ್ಷ ಆರನೆಯ ದಿನ. ನಮ್ಮವರು ಕೆಲಸದ ಮೇಲೆ ಆಸ್ಟಿನ್ನಿಗೆ ಹೋಗಿದ್ದರು. ಪ್ರಯೋಗಶಾಲೆಯಲ್ಲಿ ನನ್ನದೇ ಅಜಾಗರೂಕತೆಯಿಂದ ಸಿಲಿಕಾ ತುಂಬಿದ ಕೊಳವೆಯಲ್ಲಿ ದ್ರಾವಕ ಬತ್ತಿ, ಬಿರುಕು ಬಿಟ್ಟು, ಮೂರು ವಾರದ ಸಂಯುಕ್ತವೆಲ್ಲ ಬೆರಕೆಯಾಗಿ ಹೋಗಿತ್ತು. ಮನೆಗೆ ಬಂದರೆ ಪುಟ್ಟನಿಗೆ ಜ್ವರ, ಎರಡನೆಯವನಿಗೆ ನಾಳೆಯ ಶಾಲೆಗೆ ಜ್ವಾಲಾಮುಖಿಯ ಮಾದರಿ ಬೇಕು. ಹೂ ಯಾರೂ ಕಿತ್ತಿರಲಿಲ್ಲ. ಇವತ್ತು ಹೂವೂ ಇಲ್ಲ ನೊವೇನಾವೂ ಇಲ್ಲ, ಎಲ್ಲರೂ ಮಲಗಿ ಎಂದೆ. ಜೋರಾಗಿಯೇ ಹೇಳಿದೆನೆಂದು ಕಾಣುತ್ತದೆ. ಮೂರನೆಯವಳು ಫ್ರಿಜ್ಜಿನ ಬಾಗಿಲು ತೆಗೆದ ಸದ್ದು ಕೇಳಿಸಿತು. ಎರಡೂ ಕೈಯಲ್ಲಿ ಅಪ್ಪಿಕೊಂಡು ಬಂದಳು, ಒಂದು ಇಡೀ ಹೂಕೋಸು.

“ಇದೂ ಹೂವೇ ಅಲ್ವಾ ಅಮ್ಮ? ನೀನೇ ಹೂಕೋಸು ಅಂತೀಯಲ್ಲ.”

ಸಸ್ಯಶಾಸ್ತ್ರದ ಪ್ರಕಾರವೂ ಅವಳ ಮಾತು ಸರಿ. ಹೂಕೋಸೆಂದರೆ ಅರಳದೆ ಉಳಿದ ಹೂಗೊಂಚಲೇ. ದೊಡ್ಡವಳು ಎಲ್ಲಿದ್ದಳೋ, ಬಂದು ನಗಲಾರಂಭಿಸಿದಳು. ಆಮೇಲೆ ತಾನೇ ಅದನ್ನು ಎಸಳು ಎಸಳಾಗಿ ಬಿಡಿಸಿ ಮೂವರಿಗೂ ಹಂಚಿದಳು. ಎರಡನೆಯವನು ಎಸೆದದ್ದು ಮೂರ್ತಿಗೆ ತಾಗಿ ಅದು ಮಗುಚಿಬಿತ್ತು. ಎತ್ತಿ ನಿಲ್ಲಿಸಿದೆವು. ಅಮ್ಮನಿಗೆ ಫೋನು ಹಚ್ಚಿದೆ. ಅವರು ಕನ್ನಡಕ ಹಾಕಿಕೊಂಡು ದಿಟ್ಟಿಸಿ ನೋಡಿ, “ಇದ್ಯಾವ ಹೂವು, ಅಮೆರಿಕದ್ದಾ?” ಎಂದರು. ದೊಡ್ಡವಳು ವಿವರಿಸಿದಳು. ಅಮ್ಮ ಎಷ್ಟು ನಕ್ಕರೆಂದರೆ ಕೆಮ್ಮು ಬಂತು. ನಗು ನಿಂತ ಮೇಲೆ ದೊಡ್ಡವಳು ಒಂದು ಕೈಯಲ್ಲಿ ಕೋಸು ಹಿಡಿದೇ ಇನ್ನೊಂದು ಕೈ ಸೇರಿಸಿ ಅರ್ಧ ಮುಗಿದು, ಮೆಲ್ಲಗೆ, “ಬೆಸಾಂವ್ ದಿಯಾ” ಎಂದಳು. ಗೆಳತಿಯರಿರುವಾಗ ಈಗಲೂ ಹೇಳುವುದಿಲ್ಲ. ನಾನೂ ಒತ್ತಾಯಿಸುವುದನ್ನು ಬಿಟ್ಟಿದ್ದೇನೆ.

ಎಸಳುಗಳನ್ನು ತೊಳೆದು ಮತ್ತೆ ಫ್ರಿಜ್ಜಿನಲ್ಲಿಟ್ಟೆ. ಎಂಟನೆಯ ತಾರೀಖು ಹಬ್ಬದೂಟಕ್ಕೆ ಸಂಘದ ಎರಡು ಮನೆಯವರೂ ಬಂದಿದ್ದರು. ಹಾಗಲಕಾಯಿ, ಬೆಂಡೆ, ಹರಿವೆ, ಕೆಸುವಿನ ದಂಟು, ಹೀರೆ, ಕಡಲೆ ಎಂದು ಎಣಿಸಿದರೆ ಆರಾಗಿತ್ತು. ಏಳನೆಯದಾಗಿ ಆ ಹೂಕೋಸಿನ ಪಲ್ಯ ಬಡಿಸಿದೆ.

ತೆನೆಯ ಬಗ್ಗೆ ಒಂದು ಮಾತು ಹೇಳಿ ಮುಗಿಸುತ್ತೇನೆ. ಟೆಕ್ಸಾಸಿನಲ್ಲೂ ಭತ್ತ ಬೆಳೆಯುತ್ತದೆಂದು ನಮ್ಮಲ್ಲಿ ಹಲವರಿಗೆ ಗೊತ್ತಿಲ್ಲ. ಹ್ಯೂಸ್ಟನ್ನಿನ ವಾಣಿಜ್ಯ ಮಂಡಳಿಯ ಆಹ್ವಾನದ ಮೇಲೆ ಸೈಬಾರಾ ಎಂಬ ಜಪಾನಿ ಹತ್ತಿರದ ವೆಬ್‌ಸ್ಟರಿಗೆ ಬಂದು, 1904ರಲ್ಲಿ ಜಪಾನಿನ ಬೀಜದಿಂದ ಮೊದಲ ಬೆಳೆ ತೆಗೆದ. ಇಂದಿಗೂ ಹ್ಯೂಸ್ಟನ್ನಿನ ಪಶ್ಚಿಮಕ್ಕೆ ಗದ್ದೆಗಳಿವೆ. ಆದರೆ ಅಲ್ಲಿ ಮೊದಲ ಕೊಯ್ಲು ಜುಲೈ, ಆಗಸ್ಟಿನಲ್ಲೇ ಮುಗಿದುಬಿಡುತ್ತದೆ; ಕೂಳೆ ಬೆಳೆ ಬರುವುದು ಅಕ್ಟೋಬರಿಗೆ. ನಮ್ಮ ಹಬ್ಬ ಎರಡರ ಮಧ್ಯೆ ಸಿಕ್ಕಿಕೊಂಡಿದೆ. ಕಳೆದ ವರ್ಷ ತೆನೆಯಿಲ್ಲದೆ, ಭಾರತದ ಅಂಗಡಿಯಲ್ಲಿ ತಂದ ಕುಚ್ಚಲಕ್ಕಿಯ ನಾಲ್ಕು ಕಾಳನ್ನೇ ಹಾಲಿಗೆ ಹಾಕಿ ಹಂಚಿದೆವು. ಎರಡನೆಯವನು, “ಇದು ಹೊಸದಲ್ಲ, ಚೀಲದ ಮೇಲೆ ತಾರೀಖಿದೆ” ಎಂದು ಆಕ್ಷೇಪ ಎತ್ತಿದ. ಆದ್ದರಿಂದ ಹ್ಯೂಸ್ಟನ್ ಕಡೆಯ ಓದುಗರಲ್ಲಿ ನನ್ನದೊಂದು ವಿನಂತಿ. ಯಾರಿಗಾದರೂ ಗದ್ದೆಯವರ ಪರಿಚಯವಿದ್ದರೆ ಕೊಯ್ಲಿಗೆ ಮೊದಲು ಕೇಳಿ ಒಂದು ಹಿಡಿ ತೆನೆ ತೆಗೆದಿಡಿ. ಕಾಗದದಲ್ಲಿ ಸುತ್ತಿ ನೆರಳಲ್ಲಿ ಒಣಗಿಸಿದರೆ ಹಬ್ಬದವರೆಗೆ ಕೆಡುವುದಿಲ್ಲ. ಡಲ್ಲಾಸ್ ಕಡೆ ಬರುವವರ ಕೈಯಲ್ಲಿ ಕಳುಹಿಸಿದರೆ ಸಾಕು. ಬಂದವರಿಗೆ ಊಟ ನಮ್ಮಲ್ಲೇ, ಏಳು ಪದಾರ್ಥ.